ಒಂದು ಕುಟುಂಬ, ಎರಡು ಕವರು

2020ರ ನವೆಂಬರ್ ಕೊನೆಯ ದಿನಗಳಲ್ಲಿ ಉಡುಪಿಯ ಮೊಬೈಲುಗಳಲ್ಲೆಲ್ಲ ಒಂದೇ ವಿಡಿಯೋ ಓಡಾಡುತ್ತಿತ್ತು. ಕಪ್ಪು ಪರದೆಯ ಮೇಲೆ ಅಲೆ ಮುರಿಯುವ ಕಡೆ ನೀಲಿ ಗೆರೆಯೊಂದು ಹೊತ್ತಿಕೊಂಡು, ಉದ್ದಕ್ಕೆ ಓಡಿ, ಆರಿಹೋಗುತ್ತಿತ್ತು. ಮಲ್ಪೆಯದು ಅಂದರು, ಪಡುಕೆರೆಯದು ಅಂದರು, ಮಟ್ಟುವಿನದು ಅಂದರು. ಕೊರೊನಾ ಎಂದು ತಿಂಗಳುಗಟ್ಟಲೆ ಮನೆಯೊಳಗೆ ಕೂತು ಬೇಸತ್ತಿದ್ದ ಜನ ಮಕ್ಕಳು ಮರಿಗಳನ್ನು ಕಟ್ಟಿಕೊಂಡು ರಾತ್ರಿ ಒಂಬತ್ತರ ಮೇಲೆ ಕಡಲಿಗೆ ಹೊರಟರು. ನಾನು ಹೋದದ್ದು ಕಾಪುವಿಗೆ. ದೀಪಸ್ತಂಭದ ಬಂಡೆಯಿಂದ ಸಾಕಷ್ಟು ದಕ್ಷಿಣಕ್ಕೆ ನಡೆದು, ಬೀಚಿನ ಲೈಟುಗಳು ಹಿಂದೆ ಬಿದ್ದ ಮೇಲೆ ನಿಂತೆ. ಹತ್ತು ನಿಮಿಷ ಏನೂ ಇಲ್ಲ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಒದ್ದೆ ಮರಳಿನಲ್ಲಿ ಹೆಜ್ಜೆಯಿಟ್ಟರೆ ಪಾದದ ಸುತ್ತ ನೀಲಿ ಕಿಡಿ.

ಹತ್ತಿರದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರಿಗೆ ಈ ಗದ್ದಲವೇ ತಮಾಷೆ. “ಇದೆಂಥ ಹೊಸತು ಮಾರಾಯ್ರೆ? ಕೈರಂಪಣಿ ಬಲೆ ಎಳೆಯುವಾಗ ಮೊಣಕೈವರೆಗೆ ಹತ್ತುತ್ತದೆ. ಆಗ ಫೋಟೋ ತೆಗೆಯುವವರು ಇರಲಿಲ್ಲ, ಅಷ್ಟೆ.”

ಖಾಲಿ ನೀರಿನ ಬಾಟಲಿಯಲ್ಲಿ ಕಡಲ ನೀರು ತುಂಬಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಕಾರು ಗುಂಡಿಗೆ ಇಳಿದಾಗಲೆಲ್ಲ ಬಾಟಲಿ ಮಿಂಚುತ್ತಿತ್ತು. ಮನೆಯಲ್ಲಿ ಹಳೆಯ ಸೂಕ್ಷ್ಮದರ್ಶಕವೊಂದಿದೆ. ಒಂದು ಹನಿ ಇಟ್ಟು ನೋಡಿದರೆ ಸಾಬಕ್ಕಿಯ ಮರಿಗಳಂತೆ ಪಾರದರ್ಶಕ ಉಂಡೆಗಳು. ಒಂದು ಕಡೆ ಹೊಕ್ಕುಳಿನಂತೆ ಕುಳಿ. ಕುಳಿಯಿಂದ ಹೊರಟ ಒಂದು ದಪ್ಪ ಬಾಲ, ತುಸುತುಸುವೇ ಬಾಗಿ ನೆಟ್ಟಗಾಗುತ್ತ. ಒಳಗೆಲ್ಲ ಜೇಡರಬಲೆಯ ಎಳೆಗಳು. ಒಂದು ಉಂಡೆಯ ಹೊಟ್ಟೆಯಲ್ಲಿ ಈಗಷ್ಟೇ ನುಂಗಿದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯ ಕಂದು ಸರಪಳಿ ಇನ್ನೂ ಕರಗಿರಲಿಲ್ಲ. ಬರಿಗಣ್ಣಿಗೆ ಚುಕ್ಕಿಯಾಗಿ ಕಾಣುವಷ್ಟು ದೊಡ್ಡದಾದ ಈ ಉಂಡೆ ಒಂದೇ ಒಂದು ಜೀವಕೋಶ. ಕೈಯಿಲ್ಲ, ಬಾಯಿಯಂಥದ್ದೊಂದಿದೆ, ಬೇಟೆಯಾಡುತ್ತದೆ, ಅಲುಗಾಡಿಸಿದರೆ ಬೆಳಕು ಕೊಡುತ್ತದೆ. ಅಲೆಯ ಪೆಟ್ಟು ಬಿದ್ದೊಡನೆ ಕೋಶದ ಒಳಪೊರೆಯಿಂದ ಆಮ್ಲದ ಕಣಗಳು ನುಗ್ಗಿ, ಅಲ್ಲಲ್ಲಿ ಕಟ್ಟಿಟ್ಟ ಲೂಸಿಫೆರಿನ್ ಎಂಬ ಮದ್ದಿಗೆ ಕಿಡಿ ಹೊತ್ತಿಸುತ್ತವೆ. ಮಂಗಳೂರಿನ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಆ ವಾರ ಪತ್ರಿಕೆಗಳಿಗೆ ಅದರ ಹೆಸರು ಹೇಳಿದರು: ನಾಕ್ಟಿಲ್ಯೂಕಾ ಸಿಂಟಿಲಾನ್ಸ್.

ಹೆಸರಿನ ಮಾತು ಬಂದದ್ದರಿಂದ ಒಂದು ಅಡ್ಡಮಾತು. ಕೇರಳದ ಕುಂಬಳಂಗಿಯ ಹಿನ್ನೀರಿನವರು ನೀರು ಹೀಗೆ ಹೊಳೆಯುವುದಕ್ಕೆ ‘ಕವರ್’ ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ‘ಕವರು’ ಎಂದರೆ ಬೇರೆಯೇ. ಆಸ್ತಿ ಪಾಲಿನ ಕಾಗದ ಓದಿದ ಯಾರಿಗೂ ಅದು ಗೊತ್ತು. ಅಳಿಯಸಂತಾನ ಕಟ್ಟಿನ ಕುಟುಂಬದಲ್ಲಿ ಒಬ್ಬಳು ಹೆಂಗಸು, ಅವಳ ಮಕ್ಕಳು, ಹೆಣ್ಣುಕಡೆಯಿಂದ ಇಳಿದ ಅವಳ ಸಂತತಿ, ಇಷ್ಟು ಸೇರಿ ಒಂದು ಕವರು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲೂ ಅದೇ ಪದವನ್ನು ಹಾಗೆಯೇ ಇಟ್ಟುಕೊಂಡಿದ್ದಾರೆ. ಎರಡು ಪದಗಳಿಗೂ ಸಂಬಂಧವಿಲ್ಲ. ಆದರೆ ನನಗೆ ಹೇಳಬೇಕಾದ ಕಥೆಗೆ ಎರಡೂ ಬೇಕು. ಕಾಪು ಕಡಲಿನ ಈ ನೀಲಿ ಬೆಳಕು ಒಂದು ಕವರು. ಮಲ್ಪೆಯ ಬಂದರಿನಲ್ಲೂ ಮಣಿಪಾಲದ ವಾರ್ಡುಗಳಲ್ಲೂ ನಾವು ಕಂಡ ಚಳಿಜ್ವರದ ಪರೋಪಜೀವಿ ಇನ್ನೊಂದು ಕವರು. ಮೂಲ ಕುಟುಂಬ ಒಂದೇ.

ನಮ್ಮ ಕಡಲಿನ ಏಕಕೋಶಜೀವಿಗಳ ಬಗ್ಗೆ ಮೊದಲು ತಲೆಕೆಡಿಸಿಕೊಂಡದ್ದು ಮೀನಿನ ಇಲಾಖೆ. ಆಗ ಉಡುಪಿ, ಕಾರ್ಕಳ, ಕಾಪು ಎಲ್ಲ ಸೌತ್ ಕೆನರಾ ಜಿಲ್ಲೆ. ಅದು ಮದ್ರಾಸ್ ಪ್ರಾಂತಕ್ಕೆ ಸೇರಿದ್ದು. ಮದ್ರಾಸ್ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬ ಇಂಗ್ಲಿಷರವನು ಮುತ್ತಿನ ಚಿಪ್ಪಿನಿಂದ ಹಿಡಿದು ದೋಣಿ ಕಟ್ಟುವ ಬಗೆಯವರೆಗೆ ಕಂಡದ್ದನ್ನೆಲ್ಲ ಬರೆದಿಡುತ್ತಿದ್ದ ಮನುಷ್ಯ. ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಪಶ್ಚಿಮ ಕರಾವಳಿಯಲ್ಲಿ ನೀರು ಬಣ್ಣಗೆಟ್ಟು, ಮೀನು ರಾಶಿರಾಶಿಯಾಗಿ ಸತ್ತು ದಡಕ್ಕೆ ಬೀಳುವುದನ್ನು ಅವನು ಬೆನ್ನುಹತ್ತಿದ. 1917ರಲ್ಲಿ ಇಲಾಖೆಯ ಬುಲೆಟಿನ್ನಿನಲ್ಲಿ ಬಂದ ಲೇಖನದಲ್ಲಿ ಕಾರಣ ಹೇಳಿದ: ವಿಷವಲ್ಲ, ಬಿರುಗಾಳಿಯಲ್ಲ, ಕಣ್ಣಿಗೆ ಕಾಣದ ಏಕಕೋಶಜೀವಿ.

ಇದರ ಹಿಂದಿನ ಲೆಕ್ಕ ಸರಳ. ಮಳೆಗಾಲದಲ್ಲಿ ಆಳದ ತಣ್ಣನೆಯ ನೀರು ದಡದ ಕಡೆ ಮೇಲೇಳುತ್ತದೆ. ಅದರಲ್ಲಿ ಕರಗಿದ ಗೊಬ್ಬರಕ್ಕೆ ಡಯಾಟಮ್ಮುಗಳು ಬೆಳೆಯುತ್ತವೆ. ಅದನ್ನು ತಿನ್ನಲು ಬೂತಾಯಿ ಬರುತ್ತದೆ, ಹಿಂದೆಯೇ ಬಂಗುಡೆ. ಡಯಾಟಮ್ ಬೆಳೆದಲ್ಲಿ ಅದನ್ನು ನುಂಗಲು ನಾಕ್ಟಿಲ್ಯೂಕಾವೂ ಬರುತ್ತದೆ. ಹತ್ತಾರು ಮಂದಿ ಸೇರಿ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಒಂದು ಊರಿನ ವರ್ಷದ ಅಕ್ಕಿ, ಮದುವೆ, ಸಾಲ ಎಲ್ಲವೂ ಆ ಎರಡು ಮೂರು ತಿಂಗಳ ಬಂಗುಡೆಯ ಮೇಲೆ ನಿಂತಿರುತ್ತಿತ್ತು. ಒಂದು ವರ್ಷ ಬಲೆ ತುಂಬಿ ಹರಿಯುತ್ತದೆ, ಮರುವರ್ಷ ಹಠಾತ್ತಾಗಿ ಏನೂ ಇಲ್ಲ. ಯಾಕೆ?

ಸ್ವಾತಂತ್ರ್ಯ ಬಂದ ವರ್ಷವೇ ಹುಟ್ಟಿದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಸ್ಥೆಯ ಕಲ್ಲಿಕೋಟೆ ಕೇಂದ್ರದಲ್ಲಿ ಈ ಪ್ರಶ್ನೆ ಹಿಡಿದು ಕೂತವರು ಬಿ. ಎಸ್. ಭೀಮಾಚಾರ್ ಮತ್ತು ಪಿ. ಸಿ. ಜಾರ್ಜ್. ಭೀಮಾಚಾರ್ ಮೊದಲು ಮೈಸೂರು ಸಂಸ್ಥಾನದ ಕೆರೆ ಹೊಳೆಗಳ ಮೀನು ಪಟ್ಟಿ ಮಾಡಿದವರು. ಉಪ್ಪುನೀರಿಗೆ ಬಂದದ್ದು ಆಮೇಲೆ. ಮಲಬಾರ್ ಮತ್ತು ಕೆನರಾ ಕರಾವಳಿಯ ಮೀನುಗಾರಿಕೆ ಹಠಾತ್ತನೆ ನಿಂತುಹೋಗುವುದಕ್ಕೆ ‘ಕೆಂಪು ನೀರು’ ಸಂಭಾವ್ಯ ಕಾರಣ ಎಂದು ಅವರಿಬ್ಬರು 1950ರಲ್ಲಿ ಬರೆದರು. ನಾಕ್ಟಿಲ್ಯೂಕಾ ಕಿಕ್ಕಿರಿದು ನೀರು ಕೆಂಪೇರಿದ ಕಡೆಯಿಂದ ಮೀನಿನ ಹಿಂಡು ದೂರ ಸರಿಯುತ್ತದೆ ಎಂಬುದು ಅವರ ವಾದ. ಶೀರ್ಷಿಕೆಯಲ್ಲೇ ‘ಸಂಭಾವ್ಯ’ ಎಂದು ಹಾಕಿದ್ದಾರೆ ನೋಡಿ. ಆ ಒಂದು ಪದಕ್ಕಾಗಿ ನನಗೆ ಅವರ ಮೇಲೆ ಗೌರವ. ಹಗಲು ಕೆಂಪಾಗಿ ಮೀನನ್ನು ಓಡಿಸುವುದೂ ರಾತ್ರಿ ನೀಲಿಯಾಗಿ ಸೆಲ್ಫಿಯವರನ್ನು ಕರೆಯುವುದೂ ಒಂದೇ ಜೀವಿ ಎಂಬುದು ಕಾಪುವಿನ ಆ ಹಿರಿಯರಿಗೆ ಗೊತ್ತಿತ್ತೋ ಏನೋ, ಅವರಂತೂ ನಗುತ್ತಿದ್ದರು.

ನಾಲ್ಕು ವರ್ಷದ ಮೇಲೆ, 1954ರಲ್ಲಿ, ಅದೇ ಸಂಸ್ಥೆಯ ಆರ್. ಸುಬ್ರಹ್ಮಣ್ಯನ್ ಮಲಬಾರ್ ಕಡಲನ್ನು ಹಸಿರಾಗಿಸಿ ಮೀನು ಕೊಲ್ಲುತ್ತಿದ್ದ ಇನ್ನೊಂದು ಏಕಕೋಶಜೀವಿಯನ್ನು ಹಿಡಿದು, ಹೊಸ ಕುಲವೆಂದು ಸಾರಿ, ಹಾರ್ನೆಲ್ಲನ ನೆನಪಿಗೆ ‘ಹಾರ್ನೆಲಿಯಾ ಮರೀನಾ’ ಎಂದು ನಾಮಕರಣ ಮಾಡಿದರು. ಹೆಸರು ಉಳಿಯಲಿಲ್ಲ. 1982ರಲ್ಲಿ ಜಪಾನಿನ ಇಬ್ಬರು ವಿಜ್ಞಾನಿಗಳು ಇದು ಮೊದಲೇ ಗೊತ್ತಿದ್ದ ‘ಶಾಟೊನೆಲ್ಲಾ’ ಕುಲದ್ದು ಎಂದು ತೀರ್ಮಾನಿಸಿದರು. ಮಲಬಾರಿನ ಜೀವಿ ಈಗ ಶಾಟೊನೆಲ್ಲಾ ಮರೀನಾ. ಹಾರ್ನೆಲ್ ಹೋದ, ಎಡ್ವರ್ಡ್ ಶಾಟನ್ ಬಂದ. ಈ ಬದಲಾವಣೆಯಲ್ಲಿ ಒಂದು ತಮಾಷೆಯಿದೆ. ಶಾಟನ್ ಎಂದರೆ ಇಡೀ ಜೀವಲೋಕವನ್ನು ಎರಡಾಗಿ ಸೀಳಿದ ಫ್ರೆಂಚ್ ಮನುಷ್ಯ.

1925ರಲ್ಲಿ ಶಾಟನ್ ನೀರುಚಿಗಟದ ಹೊಟ್ಟೆಯೊಳಗಿನ ಒಂದು ಅಮೀಬಾದ ಬಗ್ಗೆ ಬರೆಯುತ್ತಿದ್ದ. ಬರೆಯುತ್ತ, ಹೆಚ್ಚು ವಿವರಣೆಯನ್ನೂ ಕೊಡದೆ, ಎರಡು ಹೊಸ ಪದ ಬಳಸಿದ: ಪ್ರೊಕ್ಯಾರಿಯೋಟ್, ಯೂಕ್ಯಾರಿಯೋಟ್. ಯಾರೂ ಗಮನಿಸಲಿಲ್ಲ. ರೋಜರ್ ಸ್ಟೇನಿಯರ್ ಮತ್ತು ವಾನ್ ನೀಲ್ 1962ರಲ್ಲಿ ಅವನ್ನು ಎತ್ತಿ ಮುಂದಿಟ್ಟ ಮೇಲೆಯೇ ಅವು ಪಠ್ಯಪುಸ್ತಕ ಸೇರಿದ್ದು. ಬ್ಯಾಕ್ಟೀರಿಯಾದಂಥ ಪ್ರೊಕ್ಯಾರಿಯೋಟ್ ಒಂದೇ ಕೋಣೆಯ ಗುಡಿಸಲು. ಅಡುಗೆ, ನಿದ್ದೆ, ಕಾಗದಪತ್ರ ಎಲ್ಲ ಅಲ್ಲೇ. ಯೂಕ್ಯಾರಿಯೋಟ್ ತುಳುನಾಡಿನ ಧಣಿಗಳ ದೊಡ್ಡ ಗುತ್ತಿನ ಮನೆ. ವಂಶವಾಹಿಯ ದಾಖಲೆ ಒಳಕೋಣೆಯ ಪೆಟ್ಟಿಗೆಯಲ್ಲಿ ಭದ್ರ, ಅದೇ ನ್ಯೂಕ್ಲಿಯಸ್. ಚಾವಡಿ ಬೇರೆ, ಅಡುಗೆಕೋಣೆ ಬೇರೆ, ಕಣಜ ಬೇರೆ. ನಾವು, ಹಲಸಿನ ಮರ, ಅಣಬೆ, ನಾಕ್ಟಿಲ್ಯೂಕಾ ಎಲ್ಲ ಗುತ್ತಿನ ಮನೆಯವರೇ.

ಇವುಗಳಲ್ಲಿ ಪ್ರಾಣಿಯೂ ಅಲ್ಲದ, ಗಿಡವೂ ಅಲ್ಲದ, ಅಣಬೆಯೂ ಅಲ್ಲದ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ‘ಪ್ರೊಟಿಸ್ಟ್’ ಎಂದು ಚೀಟಿ ಅಂಟಿಸಲಾಗಿದೆ. ಡೆಲ್ಫ್ಟ್‌ನ ಬಟ್ಟೆ ವ್ಯಾಪಾರಿ ಲ್ಯುವೆನ್‌ಹುಕ್ 1674ರಲ್ಲಿ ತನ್ನೂರ ಬಳಿಯ ಕೆರೆಯ ಹಸಿರು ನೀರಿನಲ್ಲಿ ಓಡಾಡುವ ಜೀವಿಗಳನ್ನು ಕಂಡ. ಜರ್ಮನಿಯ ಹೆಕೆಲ್ 1866ರಲ್ಲಿ ಅಂಥವಕ್ಕೆ ಪ್ರೊಟಿಸ್ಟಾ ಎಂಬ ಸಾಮ್ರಾಜ್ಯವನ್ನೇ ಕಟ್ಟಿಕೊಟ್ಟ. ಸಾಮ್ರಾಜ್ಯ ಎಂಬುದು ದೊಡ್ಡ ಮಾತು. ನನ್ನ ಕಣ್ಣಿಗೆ ಅದು ಸರಕಾರಿ ಅರ್ಜಿಯ ಕೊನೆಯ ಕಾಲಮ್ಮು: ‘ಇತರೆ’. ಅದರೊಳಗೆ ಇರುವವರಿಗೆ ಪರಸ್ಪರ ನಂಟು ಇರಲೇಬೇಕೆಂದಿಲ್ಲ. ಗದ್ದೆಯ ನೀರಿನ ಅಮೀಬಾ ಡಯಾಟಮ್ಮಿಗಿಂತ ನಿಮಗೂ ನನಗೂ ಹತ್ತಿರದ ನೆಂಟ. ನಾಕ್ಟಿಲ್ಯೂಕಾವೂ ದಾರಿ ತಪ್ಪಿಸಿದ್ದೇ. 1810ರಲ್ಲಿ ಅದನ್ನು ಮೊದಲು ವರ್ಣಿಸಿದ ಮ್ಯಾಕಾರ್ಟ್ನಿ ಅದೊಂದು ಪುಟ್ಟ ಅಂಬಲಿಮೀನು ಎಂದು ನಂಬಿ ‘ಮೆಡ್ಯೂಸಾ’ ಎಂದು ಕರೆದಿದ್ದ.

‘ಇತರೆ’ಯ ಗೋಜಲಿಗೆ ಕರಾವಳಿಯ ಕಿವಿ ಮೂಗು ಗಂಟಲು ವೈದ್ಯರು ಒಂದು ಒಳ್ಳೆಯ ಉದಾಹರಣೆ ಕೊಡಬಲ್ಲರು. ಕೆರೆಯಲ್ಲಿ ಮೀಯುವವರ, ಹೊಳೆಯ ಮರಳೆತ್ತುವವರ ಮೂಗಿನೊಳಗೆ ಸ್ಟ್ರಾಬೆರಿಯಂಥ ಕೆಂಪು ಗಡ್ಡೆ ಬೆಳೆಯುತ್ತದೆ, ಮುಟ್ಟಿದರೆ ರಕ್ತ. ರೈನೋಸ್ಪೊರಿಡಿಯಂ ಎಂಬ ಜೀವಿಯ ಕೆಲಸ ಅದು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಹೆಚ್ಚು. ಮೊದಲು ಪ್ರೊಟೊಜೋವಾ ಅಂದರು. 1923ರಲ್ಲಿ ಆಶ್ವರ್ತ್ ಶಿಲೀಂಧ್ರ ಅಂದ. ಮುಕ್ಕಾಲು ಶತಮಾನ ಅದೇ ನಡೆಯಿತು. 1999ರ ಹೊತ್ತಿಗೆ ಡಿಎನ್‌ಎ ಓದಿ ನೋಡಿದರೆ ಅದು ಎರಡೂ ಅಲ್ಲ, ಪ್ರಾಣಿಗಳ ಮತ್ತು ಶಿಲೀಂಧ್ರಗಳ ದಾರಿ ಬೇರೆಯಾದ ಕವಲಿನ ಹತ್ತಿರ, ಪ್ರಾಣಿಗಳ ಕಡೆಗೆ ವಾಲಿ ನಿಂತ ಒಂಟಿ ಗುಂಪಿನದ್ದು. ಮೂಗಿನ ಗಡ್ಡೆಯೊಳಗೆ ನಮ್ಮದೇ ದೂರದ ದಾಯಾದಿ ಕೂತಿತ್ತು.

ಗುತ್ತಿನ ಮನೆ ಕಟ್ಟಿದ್ದು ಯಾವಾಗ, ಯಾರು? ಇದಕ್ಕೆ ಕಾರ್ಕಳದ ಬೆಟ್ಟ ಹತ್ತಬೇಕು. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಗೊಮ್ಮಟನ ಕಾಲಬುಡದ ಹೆಬ್ಬಂಡೆಯ ಮೇಲೆ ಕೂತರೆ, ಕೆಳಗಿರುವುದು ಧಾರವಾಡ ಕ್ರೇಟಾನ್ ಎಂಬ ಪುರಾತನ ನೆಲಗಟ್ಟು. ಅದರ ಬಹುಭಾಗ 250 ಕೋಟಿ ವರ್ಷಗಳ ಹಿಂದೆಯೇ ಗಟ್ಟಿಗೊಂಡಿತ್ತು. ಆ ಕಾಲದ ಭೂಮಿಯಲ್ಲಿ ಜೀವವಿತ್ತು, ಗುತ್ತಿನ ಮನೆ ಇರಲಿಲ್ಲ. ಬರೀ ಗುಡಿಸಲುಗಳು. ಗಾಳಿಯಲ್ಲಿ ಆಮ್ಲಜನಕವೂ ಲೆಕ್ಕಕ್ಕಿರಲಿಲ್ಲ. ಅದು ಸೇರತೊಡಗಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಕರಾವಳಿಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನಾವು ಬಹಳ ಹಳತು ಎಂದು ಪ್ರವಾಸಿಗಳಿಗೆ ತೋರಿಸುತ್ತೇವೆ. ಮಡಗಾಸ್ಕರ್ ನಮ್ಮಿಂದ ಬಿಟ್ಟುಹೋದ ಕಾಲದ ಅವಕ್ಕೆ ಹೆಚ್ಚೆಂದರೆ 9 ಕೋಟಿ ವರ್ಷ. ಈ ಕಥೆಯಲ್ಲಿ ಅವು ನಿನ್ನೆ ಮೊನ್ನೆಯವು.

ಮನೆ ಕಟ್ಟಿದ ಬಗೆಯನ್ನು ಮೊದಲು ಊಹಿಸಿದವರಲ್ಲಿ ರಷ್ಯದ ಮೆರೆಶ್ಕೋವ್‌ಸ್ಕಿ ಒಬ್ಬ. ಗಿಡದ ಕೋಶದೊಳಗಿನ ಹಸಿರು ಕಣ, ಅಂದರೆ ಕ್ಲೋರೊಪ್ಲಾಸ್ಟ್, ಹಿಂದೊಮ್ಮೆ ಸ್ವತಂತ್ರವಾಗಿದ್ದ ಜೀವಿ ಎಂದು 1905ರಲ್ಲಿ ಬರೆದ. ಜನ ನಕ್ಕರು. ಕೋಟದ ಶಿವರಾಮ ಕಾರಂತರು ಕನ್ನಡಕ್ಕೆ ವಿಜ್ಞಾನವನ್ನೆಲ್ಲ ತರುತ್ತೇನೆಂದು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆಯುತ್ತಿದ್ದ ಕಾಲಕ್ಕೂ ಅದು ಮೂಲೆಗೆ ಬಿದ್ದ ವಿಚಾರವೇ. 1967ರಲ್ಲಿ ಲಿನ್ ಮಾರ್ಗುಲಿಸ್ ಎಂಬ 29 ವರ್ಷದ ಅಮೆರಿಕನ್ ಹೆಂಗಸು, ಹದಿನೈದರಷ್ಟು ಪತ್ರಿಕೆಗಳು ತಿರಸ್ಕರಿಸಿದ ಮೇಲೆ, ಒಂದು ಲೇಖನ ಅಚ್ಚು ಹಾಕಿಸಿದಳು. ಕ್ಲೋರೊಪ್ಲಾಸ್ಟ್ ಮಾತ್ರವಲ್ಲ, ಉಸಿರಾಟದ ಕಸುಬು ನಡೆಸುವ ಮೈಟೊಕಾಂಡ್ರಿಯವೂ ಒಂದಾನೊಂದು ಕಾಲದ ಬ್ಯಾಕ್ಟೀರಿಯಾ. ಇನ್ನೊಂದು ಕೋಶದ ಒಳಹೊಕ್ಕು ಅಲ್ಲೇ ಉಳಿಯಿತು ಎಂದಳು. ಎಪ್ಪತ್ತರ ದಶಕದಲ್ಲಿ ಆ ಕಣಗಳೊಳಗಿನ ವಂಶವಾಹಿಯನ್ನು ಓದಿದಾಗ ಅವಳು ಹೇಳಿದ್ದು ನಿಜವಾಯಿತು. ಅವಳ ಉಳಿದ ಕೆಲವು ಊಹೆಗಳು ನಿಲ್ಲಲಿಲ್ಲ, ಆ ಮಾತು ಬೇರೆ.

ಹೀಗೆ ಒಳಹೊಕ್ಕು ಉಳಿದ ಬ್ಯಾಕ್ಟೀರಿಯಾವನ್ನು ‘ಅತಿಥಿ’ ಎಂದು ಬರೆಯುವವರಿದ್ದಾರೆ. ಅತಿಥಿ ಊಟ ಮಾಡಿ ಹೋಗುತ್ತಾನೆ. ನಮ್ಮ ಜಿಲ್ಲೆಯವರಿಗೆ ಇನ್ನೂ ಸರಿಯಾದ ಪದ ಇದೆ: ಮೂಲಗೇಣಿ ಒಕ್ಕಲು. ಚಾಲಗೇಣಿಯವನನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. ಮೂಲಗೇಣಿಯವನನ್ನು ಎಬ್ಬಿಸುವಂತಿಲ್ಲ, ನಿಗದಿಯಾದ ಗೇಣಿ ತಲೆಮಾರುಗಟ್ಟಲೆ ಸಲ್ಲುತ್ತಾ ಹೋಗಬೇಕು. ಮೈಟೊಕಾಂಡ್ರಿಯ ಕೊಡುವ ಗೇಣಿ ಎಟಿಪಿ ಎಂಬ ಶಕ್ತಿಯ ನಾಣ್ಯ. ಒಂದು ವ್ಯತ್ಯಾಸವಿದೆ. 1974ರ ಭೂಸುಧಾರಣೆಯಲ್ಲಿ ನಮ್ಮ ಒಕ್ಕಲುಗಳು ಡಿಕ್ಲರೇಶನ್ ಕೊಟ್ಟು ಭೂಮಿಯನ್ನು ತಮ್ಮದಾಗಿಸಿಕೊಂಡರು. ಕೋಶದೊಳಗಿನ ಒಕ್ಕಲು ಇದರ ತಿರುಗುಮುರುಗು ಮಾಡಿತು: ತನ್ನ ಬಹುಪಾಲು ದಾಖಲೆಯನ್ನು ಧಣಿಯ ಒಳಕೋಣೆಯ ಪೆಟ್ಟಿಗೆಗೆ ಒಪ್ಪಿಸಿಬಿಟ್ಟಿತು. ಮನುಷ್ಯನ ಮೈಟೊಕಾಂಡ್ರಿಯದ ಕೈಯಲ್ಲಿ ಈಗ ಉಳಿದಿರುವುದು 37 ಜೀನುಗಳು ಮಾತ್ರ. ಆ 37 ಇಳಿದು ಬರುವುದು ತಾಯಿಯಿಂದ ಮಾತ್ರ. ಅಪ್ಪನದು ಅಲ್ಲಿಗೆ ಮುಗಿಯುತ್ತದೆ. ಐತಿಹ್ಯದ ದೊರೆ ಭೂತಾಳಪಾಂಡ್ಯ ಕಟ್ಟು ಮಾಡಿದ ಎನ್ನುವ ಅಳಿಯಸಂತಾನವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತೆಳುಗೊಳಿಸಿತು, ಕೋಶದೊಳಗೆ ಇಂದಿಗೂ ಅದೇ ಕಟ್ಟು.

ಧಣಿ ಯಾರು ಎಂಬುದಕ್ಕೆ ಉತ್ತರ ತಡವಾಗಿ ಸಿಕ್ಕಿತು. 2015ರಲ್ಲಿ ಉತ್ತರ ಅಟ್ಲಾಂಟಿಕದ ಆಳದ ಕೆಸರಿನಿಂದ ತೆಗೆದ ಡಿಎನ್‌ಎಯಲ್ಲಿ, ಆರ್ಕಿಯಾ ಎಂಬ ಗುಡಿಸಲು ಜಾತಿಯವೇ ಆದರೂ ಗುತ್ತಿನ ಮನೆಯ ಕೆಲವು ಮರಮಟ್ಟು ಆಗಲೇ ಇಟ್ಟುಕೊಂಡಿದ್ದ ಜೀವಿಗಳ ಸುಳಿವು ಹತ್ತಿತು. ಜಪಾನಿನ ತಂಡವೊಂದು ಹನ್ನೆರಡು ವರ್ಷ ಪಟ್ಟುಹಿಡಿದು ಅಂಥ ಒಂದನ್ನು ಪ್ರಯೋಗಾಲಯದಲ್ಲಿ ಬೆಳೆಸಿ 2020ರಲ್ಲಿ ಚಿತ್ರ ಪ್ರಕಟಿಸಿತು. ಪುಟ್ಟ ಗೋಲ, ಅದರಿಂದ ಹೊರಟ ಕವಲೊಡೆದ ಉದ್ದುದ್ದ ಕೈಗಳು. ಆ ಕೈಗಳಲ್ಲೇ ಒಕ್ಕಲನ್ನು ಬಾಚಿ ತಬ್ಬಿರಬೇಕು ಎಂದು ಅವರ ಊಹೆ.

ಗುತ್ತಿನ ಮನೆಗಳ ಹಳೆಯ ಕಲ್ಲುಸಾಕ್ಷಿಯೊಂದು ನಮ್ಮ ದೇಶದ್ದೇ, ಮಧ್ಯಪ್ರದೇಶ ಮತ್ತು ಉತ್ತರಪ್ರದೇಶದ ಗಡಿಯ ಚಿತ್ರಕೂಟದ್ದು. ಅದರ ಹಿಂದೆ ಒಬ್ಬ ಮನುಷ್ಯನ ನೋವಿನ ಕಥೆಯಿದೆ. ಡೆಹ್ರಾಡೂನಿನ ಭೂವಿಜ್ಞಾನಿ ರಫತ್ ಜಮಾಲ್ ಆಜ್ಮಿ 1998ರಲ್ಲಿ ವಿಂಧ್ಯದ ಸುಣ್ಣಕಲ್ಲಿನಲ್ಲಿ ಸಣ್ಣ ಚಿಪ್ಪುಜೀವಿಗಳ ಪಳೆಯುಳಿಕೆ ಕಂಡೆ, ಆದ್ದರಿಂದ ಈ ಕಲ್ಲು 55 ಕೋಟಿ ವರ್ಷದ ಆಸುಪಾಸಿನದು ಎಂದು ಬರೆದ. ಕಲ್ಲಿನ ವಯಸ್ಸು ಅದಕ್ಕಿಂತ ನೂರು ಕೋಟಿ ವರ್ಷ ಹೆಚ್ಚು ಎಂದು ಬೇರೆಯವರ ಲೆಕ್ಕ ಹೇಳುತ್ತಿತ್ತು. ಮಾದರಿಗಳ ಮೇಲೆಯೇ ಸಂಶಯ ಎದ್ದಿತು. ಸ್ವೀಡನ್ನಿನ ಸ್ಟೀಫನ್ ಬೆಂಗ್ಟ್‌ಸನ್ ಬಂದು, ಹೊಸದಾಗಿ ಕಲ್ಲು ತೆಗೆದು ನೋಡಿದ. ಪಳೆಯುಳಿಕೆ ನಿಜವಾಗಿಯೂ ಇತ್ತು. ವಯಸ್ಸು ಮಾತ್ರ 160 ಕೋಟಿ. ಅವು ಚಿಪ್ಪುಜೀವಿಗಳಲ್ಲ, ಕೆಂಪು ಪಾಚಿಯಂತೆ ಕಾಣುವ ಎಳೆಗಳು. 2017ರಲ್ಲಿ ಹೆಸರಿಟ್ಟಾಗ ಬೆಂಗ್ಟ್‌ಸನ್ ತಂಡ ಆಜ್ಮಿಯ ಹೆಸರನ್ನೇ ಇಟ್ಟಿತು: ರಫತಾಜ್ಮಿಯಾ ಚಿತ್ರಕೂಟೆನ್ಸಿಸ್. ಕಂಡದ್ದು ಸರಿ, ಅರ್ಥ ಮಾಡಿದ್ದು ತಪ್ಪು. ವಿಜ್ಞಾನದಲ್ಲಿ ಇದು ಸಾಮಾನ್ಯ. ತಪ್ಪಿದವನ ಹೆಸರು ಹೀಗೆ ಉಳಿಯುವುದು ಅಪರೂಪ.

ಕೆಂಪು ಪಾಚಿ ಈ ಕಥೆಗೆ ಸುಮ್ಮನೆ ಬರಲಿಲ್ಲ. ಅದೂ ಒಂದು ಗುತ್ತಿನ ಮನೆ, ಒಳಗೆ ಬೆಳಕಿನಿಂದ ಅಡುಗೆ ಮಾಡುವ ಒಕ್ಕಲು ಇರುವಂಥದ್ದು. ಒಂದಾನೊಂದು ಕಾಲದಲ್ಲಿ ಇನ್ನೊಂದು ಪ್ರೊಟಿಸ್ಟ್ ಅದನ್ನು ಮನೆಸಮೇತ ನುಂಗಿತು. ಮನೆಯೊಳಗೆ ಮನೆ. ನುಂಗಿದ ಆ ಪೂರ್ವಿಕಳ ಸಂತತಿ ಕವರುಗಳಾಗಿ ಒಡೆಯಿತು. ಒಂದು ಕವರು ಕಡಲಲ್ಲೇ ಉಳಿಯಿತು. ಡೈನೊಫ್ಲಾಜೆಲ್ಲೇಟ್ ಎನ್ನುವ ಆ ಗುಂಪಿನದ್ದೇ ನಾಕ್ಟಿಲ್ಯೂಕಾ. ಇನ್ನೊಂದು ಕವರು ಬೇರೆ ಪ್ರಾಣಿಗಳ ಮೈಯೊಳಗೆ ಹೊಕ್ಕಿತು. ನಮ್ಮ ಚಳಿಜ್ವರ, ಅಂದರೆ ಮಲೇರಿಯಾ, ತರುವ ಪ್ಲಾಸ್ಮೋಡಿಯಂ ಅಲ್ಲಿಯದು.

ಚಳಿಜ್ವರದ ಇತಿಹಾಸವನ್ನು ಕನ್ನಡನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಬುಡದ ಊರುಗಳಲ್ಲಿ ಮಕ್ಕಳ ಹೊಟ್ಟೆಯ ಎಡಬದಿ ಮುಟ್ಟಿ ‘ಜ್ವರಗಡ್ಡೆ’, ಅಂದರೆ ಊದಿದ ಗುಲ್ಮ, ನೋಡುತ್ತಿದ್ದರು. ಮಲೇರಿಯಾ ಇಲಾಖೆಯ ಸಮೀಕ್ಷೆಯೂ ಅದನ್ನೇ ಎಣಿಸುತ್ತಿತ್ತು. ಫ್ರೆಂಚ್ ಸೇನೆಯ ವೈದ್ಯ ಲಾವರಾನ್ 1880ರ ನವೆಂಬರ್ 6ರಂದು ಅಲ್ಜೀರಿಯಾದಲ್ಲಿ ರೋಗಿಯ ರಕ್ತದಲ್ಲಿ ಈ ಪ್ರೊಟಿಸ್ಟನ್ನು ಕಂಡ. ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1895ರಿಂದ ಬೆಂಗಳೂರಿನಲ್ಲಿ ಕಾಲರಾ ಕೆಲಸಕ್ಕೆ ಸಿಕ್ಕಿ ಒದ್ದಾಡಿ, ನೀಲಗಿರಿಯ ಸೀಗೂರು ಘಾಟಿನಲ್ಲಿ ತಾನೇ ಜ್ವರ ಹಿಡಿಸಿಕೊಂಡು, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆ ಸೀಳಿ ಪರೋಪಜೀವಿಯನ್ನು ಕಂಡ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 25. ನೂರು ವರ್ಷ ಐದು ದಿನ. ಏನೂ ಅರ್ಥವಿಲ್ಲದ ಕಾಕತಾಳೀಯ, ಆದರೂ ಹೇಳದೆ ಇರಲಾರೆ.

1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಟಿ. ಎಂ. ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ಅದೇ ವರ್ಷ ದೇಶ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ಆಗ ವರ್ಷಕ್ಕೆ ಸುಮಾರು 7.5 ಕೋಟಿ ಮಂದಿಗೆ ಜ್ವರ, 8 ಲಕ್ಷ ಸಾವು ಎಂದು ಸರಕಾರದ ಅಂದಾಜು. ಡಿಡಿಟಿಯ ಕೃಪೆಯಿಂದ 1965ರ ಹೊತ್ತಿಗೆ ರೋಗಿಗಳ ಸಂಖ್ಯೆ 1 ಲಕ್ಷಕ್ಕೆ ಇಳಿಯಿತು. 1976ರಲ್ಲಿ ಮತ್ತೆ 64 ಲಕ್ಷ ದಾಟಿತು. ಘಟ್ಟದ ಬುಡದ ತೊರೆಯ ಸೊಳ್ಳೆ ಹಿಂದೆ ಸರಿದ ಮೇಲೆ ಪೇಟೆಯ ಸೊಳ್ಳೆಯ ಸರದಿ: ಬಾವಿ, ಟ್ಯಾಂಕ್, ಹೊಸ ಸ್ಲ್ಯಾಬಿನ ಮೇಲೆ ಕ್ಯೂರಿಂಗ್‌ಗೆ ಕಟ್ಟಿ ನಿಲ್ಲಿಸಿದ ನೀರು. ತೊಂಬತ್ತರ ದಶಕದಲ್ಲಿ ಮಂಗಳೂರಿನಲ್ಲಿ ಅಪಾರ್ಟ್‌ಮೆಂಟುಗಳು ಏಳುತ್ತಿದ್ದಂತೆ ಜ್ವರವೂ ಎದ್ದಿತು. ಬಂದರು, ಕಟ್ಟಡದ ಕೆಲಸ ಇದ್ದ ಕಡೆಯೆಲ್ಲ ಕರಾವಳಿಯುದ್ದಕ್ಕೂ ಹರಿದಾಡಿತು.

ಲ್ಯಾಬಿನಲ್ಲಿ ಅದನ್ನು ಒಮ್ಮೆ ನೋಡಿದ್ದೇನೆ. ಬೆರಳ ತುದಿ ಚುಚ್ಚಿ ತೆಗೆದ ಹನಿಯನ್ನು ಗಾಜಿನ ಮೇಲೆ ಎಳೆದು, ಒಣಗಿಸಿ, ಬಣ್ಣ ಹಾಕಿ, ಎಣ್ಣೆಯ ಲೆನ್ಸಿನಡಿ ಇಟ್ಟಿದ್ದರು. ನಸುಗುಲಾಬಿ ರಕ್ತಕಣಗಳ ನಡುವೆ ಒಂದು ಮಾತ್ರ ಊದಿಕೊಂಡಿತ್ತು. ಅದರೊಳಗೆ ಕೆಂಪು ಹರಳು ಕೂರಿಸಿದ ನೀಲಿ ಉಂಗುರ. “ವೈವಾಕ್ಸ್,” ಎಂದರು ಟೆಕ್ನಿಷಿಯನ್, ಅಕ್ಕಿಯಲ್ಲಿ ಕಲ್ಲು ಕಂಡಷ್ಟೇ ಸಹಜವಾಗಿ. ಕಾಪುವಿನ ಉಂಡೆಯ ದಾಯಾದಿ ಇದೇ ಎಂದು ಆಗ ನನಗೆ ಗೊತ್ತಿರಲಿಲ್ಲ. ಆ ಉಂಗುರದೊಳಗೆ, ಆ ಲೆನ್ಸಿಗೂ ಕಾಣದಷ್ಟು ಸಣ್ಣದಾಗಿ, ನುಂಗಿದ ಕೆಂಪು ಪಾಚಿಯ ಅವಶೇಷ ಇನ್ನೂ ಕೂತಿದೆ ಎಂಬುದಂತೂ ಗೊತ್ತೇ ಇರಲಿಲ್ಲ.

ಮಲೇರಿಯಾ ಪರೋಪಜೀವಿಯಲ್ಲಿ ನ್ಯೂಕ್ಲಿಯಸ್ಸಿನದ್ದಲ್ಲದ ಒಂದು ವರ್ತುಲ ಡಿಎನ್‌ಎ ಇದೆ ಎಂದು ಎಪ್ಪತ್ತರ ದಶಕದಿಂದಲೇ ಗೊತ್ತಿತ್ತು. ಸುಮಾರು 35 ಸಾವಿರ ಅಕ್ಷರಗಳ ಆ ಬಳೆಯನ್ನು 1996ರಲ್ಲಿ ಪೂರ್ತಿ ಓದಿದಾಗ ಅದು ಗಿಡಗಳ ಕ್ಲೋರೊಪ್ಲಾಸ್ಟಿನ ಡಿಎನ್‌ಎಗೆ ಹೋಲುತ್ತಿತ್ತು. ಅದನ್ನು ಇಟ್ಟುಕೊಂಡ ಕಣಕ್ಕೆ ಏಪಿಕೊಪ್ಲಾಸ್ಟ್ ಎಂದು ಹೆಸರಾಯಿತು. ನಾಲ್ಕು ಪೊರೆ ಸುತ್ತಿಕೊಂಡಿದೆ: ಮನೆಯೊಳಗೆ ಮನೆ ಇದ್ದದ್ದರ ಗೋಡೆಗಳು. ರಕ್ತದ ಕತ್ತಲೆಯಲ್ಲಿ ಬೆಳಕು ಎಲ್ಲಿಂದ ಬರಬೇಕು, ಹಸಿರು ಎಂದೋ ಹೋಗಿದೆ. ಆದರೂ ಒಕ್ಕಲು ಗೇಣಿ ನಿಲ್ಲಿಸಿಲ್ಲ. ಐಸೊಪ್ರಿನಾಯ್ಡ್ ಎಂಬ ಅಗತ್ಯ ಸಾಮಗ್ರಿಯನ್ನು ಅದೇ ಮಾಡಿಕೊಡುತ್ತದೆ, ಅದಿಲ್ಲದಿದ್ದರೆ ಪರೋಪಜೀವಿ ಬದುಕದು. ಆ ಪಾಚಿ ಕೆಂಪೋ ಹಸಿರೋ ಎಂಬ ಜಗಳವೂ ಸ್ವಲ್ಪ ಕಾಲ ನಡೆಯಿತು. ಸಿಡ್ನಿ ಬಂದರಿನ ಹವಳದಿಂದ ಪ್ಲಾಸ್ಮೋಡಿಯಂನ ಹತ್ತಿರದ ನೆಂಟ, ಇನ್ನೂ ಬಿಸಿಲು ತಿಂದು ಬದುಕುವ ಕ್ರೊಮೆರಾ ಸಿಕ್ಕಿದೆ ಎಂದು 2008ರಲ್ಲಿ ಪ್ರಕಟವಾದ ಮೇಲೆ ತಕ್ಕಡಿ ಕೆಂಪಿನ ಕಡೆ ವಾಲಿತು.

ಉಡುಪಿ ಜಿಲ್ಲೆಯಲ್ಲಿ ಮಳೆಗಾಲದ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಗುಳಿಗೆ ಎಲ್ಲರಿಗೂ ಪರಿಚಿತ. ಅದು ಬ್ಯಾಕ್ಟೀರಿಯಾಕ್ಕೆ ಇರುವ ಮದ್ದು. ಮಲೇರಿಯಾ ಬ್ಯಾಕ್ಟೀರಿಯಾ ಅಲ್ಲ. ಹಾಗಿದ್ದೂ ಮಲೇರಿಯಾ ಚಿಕಿತ್ಸೆಯಲ್ಲಿ ಕ್ವಿನೈನಿನ ಜತೆಗೆ ಅದೇ ಗುಳಿಗೆ ಯಾಕೆ ಕೊಡುತ್ತಾರೆ? ಗುಳಿಗೆ ಹೊಡೆಯುವುದು ಧಣಿಗಲ್ಲ, ಒಕ್ಕಲಿಗೆ. ಏಪಿಕೊಪ್ಲಾಸ್ಟಿನ ಮೂಲ ಬ್ಯಾಕ್ಟೀರಿಯಾ ಅಲ್ಲವೆ. ಮದ್ದು ಬಿದ್ದ ಪರೋಪಜೀವಿ ಕೂಡಲೇ ಸಾಯುವುದಿಲ್ಲ. 48 ಗಂಟೆಯ ತನ್ನ ಸುತ್ತು ಮುಗಿಸಿ ಮರಿಗಳನ್ನೂ ಹೊರಬಿಡುತ್ತದೆ. ಆ ಮರಿಗಳಿಗೆ ಕೆಲಸ ಮಾಡುವ ಏಪಿಕೊಪ್ಲಾಸ್ಟ್ ಸಿಕ್ಕಿರುವುದಿಲ್ಲ. ಅವು ಮುಂದಿನ ಸುತ್ತಿನಲ್ಲಿ ಸಾಯುತ್ತವೆ. ವಿಜ್ಞಾನಿಗಳು ಇದಕ್ಕೆ ತಡವಾದ ಸಾವು ಎನ್ನುತ್ತಾರೆ. 1949ರ ಕಾಯ್ದೆಯಲ್ಲಿ ಇನ್ನೂ ಚೆನ್ನಾದ ಪದವಿದೆ: ನಿಸ್ಸಂತತಿ ಕವರು.

ಇನ್ನು ಕಡಲಿನ ಕವರು. ನಾಕ್ಟಿಲ್ಯೂಕಾ ಪೂರ್ವಿಕರ ಆ ಒಕ್ಕಲನ್ನು ಎಂದೋ ಕಳೆದುಕೊಂಡಿತು. ತನಗೆ ಬೇಕಾದ್ದನ್ನು ಬೇಟೆಯಾಡಿ ತಿನ್ನುತ್ತದೆ. ಆದರೆ ಅರಬ್ಬಿ ಸಮುದ್ರದ ನಡುವೆ ಚಳಿಗಾಲದಲ್ಲಿ ಅದರ ಇನ್ನೊಂದು ಬಗೆ ಕಾಣಿಸುತ್ತದೆ, ಹಸಿರು ಬಣ್ಣದ್ದು. ಒಂದೊಂದು ಉಂಡೆಯ ಒಳಗೆ ಸಾವಿರಾರು ಹಸಿರು ಪಾಚಿಕೋಶಗಳು ಈಜಾಡಿಕೊಂಡಿರುತ್ತವೆ. ಹೆಲ್ಗಾ ಗೋಮ್ಸ್, ಜೋಕಿಂ ಗೋಸ್ ಮತ್ತು ಸಂಗಡಿಗರು 2014ರಲ್ಲಿ ಬರೆದ ಪ್ರಕಾರ, ಈ ಶತಮಾನದ ಆರಂಭದಿಂದ ಅದು ಡಯಾಟಮ್ಮುಗಳ ಜಾಗವನ್ನು ಕಬಳಿಸುತ್ತ, ಒಮ್ಮೊಮ್ಮೆ ಉಪಗ್ರಹಕ್ಕೆ ಕಾಣುವಷ್ಟು ವಿಸ್ತಾರಕ್ಕೆ ಹರಡುತ್ತಿದೆ. ಆಮ್ಲಜನಕ ಕಡಿಮೆಯಾದ ನೀರು ಮೇಲೆ ಬರುತ್ತಿರುವುದು ಅದಕ್ಕೆ ಅನುಕೂಲವಾಗಿದೆ ಎಂದು ಅವರ ವಾದ. ಡಯಾಟಮ್ ಹೋದರೆ ಅದನ್ನು ನಂಬಿದ ಮೀನಿನ ಗತಿಯೇನು ಎಂಬುದು ಭೀಮಾಚಾರ್ ಕೇಳಿದ ಪ್ರಶ್ನೆಯದ್ದೇ ಮುಂದುವರಿಕೆ. ಆ ಹಸಿರು ಕೋಶಗಳು ಇನ್ನೂ ತಮ್ಮ ದಾಖಲೆ ಒಪ್ಪಿಸಿಲ್ಲ. ಧಣಿಗೆ ಹಸಿವಾದರೆ ಅವುಗಳನ್ನೇ ಜೀರ್ಣಿಸಿಕೊಳ್ಳುವುದೂ ಉಂಟು. ಚಾಲಗೇಣಿ.

ನನ್ನ ಬಾಟಲಿ ಮರುದಿನ ಬೆಳಿಗ್ಗೆ ಬಚ್ಚಲಿನ ಕಿಟಕಿಯ ಮೇಲಿತ್ತು. ಉಂಡೆಗಳೆಲ್ಲ ಮೇಲೆ ತೇಲಿ ನಸುಗೆಂಪು ಕೆನೆ ಕಟ್ಟಿತ್ತು. ಮುಚ್ಚಳ ತೆಗೆದರೆ ಮೂತ್ರದಂಥ ವಾಸನೆ. ನಾಕ್ಟಿಲ್ಯೂಕಾ ತೇಲುವುದಕ್ಕೆಂದು ಮೈಯೊಳಗೆ ಅಮೋನಿಯಾ ಕೂಡಿಡುತ್ತದೆ, ಅದು ಹೊರಬಿದ್ದಿತ್ತು. ಕತ್ತಲಾದ ಮೇಲೆ ಒಮ್ಮೆ ಅಲುಗಾಡಿಸಿ ನೋಡಿದೆ. ಅಡಿಯಲ್ಲೆಲ್ಲೋ ಒಂದೇ ಒಂದು ಕಿಡಿ ಹತ್ತಿತು. ಎರಡನೆಯ ಸಲಕ್ಕೆ ಹತ್ತಲಿಲ್ಲ.